ಹಲ್ಲುನೋವಿನ ಗೆರೆ

ಎರಡನೇ ಅಲೆಯ ಲಾಕ್‌ಡೌನ್ ಶುರುವಾದಾಗ ಕೊಪ್ಪ, ಶೃಂಗೇರಿ, ನಾವು ಎನ್.ಆರ್.ಪುರ ಅನ್ನುವ ನರಸಿಂಹರಾಜಪುರ, ಮೂರೂ ತಾಲ್ಲೂಕಿಗೆ ಸೇರಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ಒಬ್ಬರೇ ಇದ್ದರು. ಅವರು ಓಡಾಡಲು ಇದ್ದದ್ದೂ ಒಂದೇ ಗಾಡಿ. ಅದನ್ನೂ ವಾರದ ಮುಕ್ಕಾಲು ಭಾಗ ಅಧಿಕಾರಿಗಳು ಆಕ್ಸಿಜನ್ ಸಿಲಿಂಡರ್ ಸಾಗಿಸಲು ಎಳೆದುಕೊಂಡು ಹೋಗುತ್ತಿದ್ದರು. ಉಳಿದ ಹೊತ್ತಿನಲ್ಲಿ ಗಾಡಿ ಯಾವ ಕಡೆಗೆ ಹೋಗಬೇಕು ಅಂತ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ತಪ್ಪು ಕಡೆಗೆ ಕಳಿಸಿದರೆ, ಯಾರಿಗೆ ನಿಜವಾಗಿ ಡಾಕ್ಟರು ಬೇಕಿತ್ತೋ ಅವರು ಹಾಗೇ ನರಳುತ್ತಾ ಕೂರಬೇಕು, ಅಷ್ಟೇ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಕಾಲೇಜು ಮುಚ್ಚಿತ್ತು, ನಮ್ಮನ್ನೆಲ್ಲ ಕೋವಿಡ್ ಡ್ಯೂಟಿಗೆ ಹಾಕಿದ್ದರು. ಮೊದಲು ನನ್ನನ್ನು ಕೊಪ್ಪದ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತಲು ಕೂರಿಸಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮದುವೆಗೆ ಪರ್ಮಿಷನ್ ಕೇಳಿದ ಒಬ್ಬರಿಗೆ ನಾನು ಕೊಟ್ಟ ಉತ್ತರ ಮೇಲಿನವರೆಗೂ ಹೋಯಿತು. ಮರುದಿನವೇ ನನ್ನನ್ನು ಲೆಕ್ಕದ ಮೇಜಿಗೆ ದಾಟಿಸಿದರು.

ಡಾಕ್ಟರು ಬಯಲುಸೀಮೆಯವರು, ಮೆದು ಮಾತಿನವರು. ಒಂದು ದಿನ ನನ್ನ ಮೇಜಿನ ಎದುರು ಬಂದು ಕೂತು ತಮ್ಮ ಕಷ್ಟ ಹೇಳಿಕೊಂಡರು. ಸಹಾಯವಾಣಿ ಅಂತ ಒಂದು ನಂಬರ್ ಕೊಟ್ಟಿದ್ದರೂ ಈ ಕಡೆಯ ಜನ ಅದಕ್ಕೆ ಫೋನ್ ಮಾಡುತ್ತಿರಲಿಲ್ಲ. ಮನುಷ್ಯರಿಗೆ ಹೇಳದ್ದನ್ನು ಜನ ಮೊಬೈಲಿಗೆ ಹೇಳುತ್ತಾರೆ, ಏನು ಹುಡುಕುತ್ತಿದ್ದಾರೆ ಅಂತ ನೋಡಿದರೆ ಯಾವ ಊರಲ್ಲಿ ಸಂಕಟ ಜಾಸ್ತಿಯಾಗಿದೆ ಅಂತ ಗೊತ್ತಾಗಲಿಕ್ಕಿಲ್ಲವೇ ಎಂದು ಕೇಳಿದರು. ಹೊರದೇಶಗಳಲ್ಲಿ ಹೀಗೆ ಮಾಡುತ್ತಿದ್ದಾರಂತೆ. ನನಗೆ ಕೂಡಲೇ ಆಸೆ ಹುಟ್ಟಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಒಂದು ಸಲವಾದರೂ ಉಪಯೋಗಕ್ಕೆ ತರಬಹುದಲ್ಲ ಅನ್ನಿಸಿತು.

ದೊಡ್ಡ ಕಂಪನಿಯವರು ತಮ್ಮ ಹುಡುಕಾಟದ ಗ್ರಾಫನ್ನು ಎಲ್ಲರಿಗೂ ಬಿಟ್ಟಿ ತೋರಿಸುತ್ತಾರೆ. ಅದನ್ನು ತೆರೆದೆ. ಇಡೀ ರಾಜ್ಯದ ಗೆರೆ ಚೆನ್ನಾಗಿ ಕಾಣಿಸಿತು. ಕೆಳಗೆ ಇಳಿದಂತೆ ಗೆರೆ ಮಾಯ. ನಮ್ಮ ತಾಲ್ಲೂಕುಗಳಿಗೆ ಬರುವಷ್ಟರಲ್ಲಿ ಸಾಕಷ್ಟು ಮಾಹಿತಿ ಇಲ್ಲ ಅಂತ ಒಂದು ಸಾಲು ಬಂತು. ನಾವು ಇಲ್ಲಿ ಇಷ್ಟು ಜನ ಬದುಕಿದ್ದೀವಿ, ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ! ಮೈಯೆಲ್ಲ ಉರಿದುಹೋಯಿತು.

ಆಗ ನೆನಪಾದದ್ದು ನಮ್ಮದೇ ಕಡೆಯ ಒಂದು ಆ್ಯಪ್. ಹರಿಹರಪುರದವರೊಬ್ಬರು, ಮೊದಲು ಮೊಬೈಲ್ ರಿಪೇರಿ ಮಾಡಿಕೊಂಡಿದ್ದವರು, ಅದನ್ನು ಮಾಡಿದ್ದರು. ಬಸ್ಸಿನ ಹೊತ್ತು, ಮಳೆ, ಅಡಿಕೆ ಧಾರಣೆ, ಯಾವಾಗ ಕರೆಂಟ್ ಹೋಗುತ್ತದೆ, ಎಲ್ಲ ಅದರಲ್ಲಿ ಕನ್ನಡದಲ್ಲೇ ಬರುತ್ತಿತ್ತು. ಮೇಲ್ಗಡೆ ಹುಡುಕಲು ಒಂದು ಜಾಗ. ತನ್ನಲ್ಲಿ ಇಲ್ಲದ್ದನ್ನು ಅದು ಹೊರಗಿನ ಇಂಟರ್‌ನೆಟ್ಟಿಗೆ ದಾಟಿಸುತ್ತಿತ್ತು. ಹಾಗಾಗಿ ನಮ್ಮ ಜನ ಏನು ಬೇಕಾದರೂ ಅಲ್ಲೇ ಬರೆಯುತ್ತಿದ್ದರು. ನಾನು ಫೋನ್ ಮಾಡಿ ವಿಷಯ ಹೇಳಿದಾಗ ಆ್ಯಪ್‌ನವರು ನಕ್ಕರು.

“ಅದ್ರಲ್ಲಿ ಎಂತ ಉಂಟು ಮಾರಾಯ್ರೆ. ಕಳೆದುಹೋದ ದನಾನೂ ಅದ್ರಲ್ಲೇ ಹುಡುಕ್ತಾರೆ,” ಎಂದರು.

ಆದರೆ ಪದಗಳು ಉಳಿದಿದ್ದವು. ಪ್ರತಿ ಪದದ ಪಕ್ಕ ದಿನಾಂಕ ಇತ್ತು, ಮಳೆ ನೋಡಲು ಅವರು ಆರಿಸಿಕೊಂಡ ಹೋಬಳಿ ಇತ್ತು. ಹೆಸರು ಇರಲಿಲ್ಲ. ಆ್ಯಪ್ ಹಾಕಿಕೊಳ್ಳುವಾಗ ಕೊಟ್ಟ ಫೋನ್ ನಂಬರುಗಳು ಬೇರೆ ಕಡೆ ಇದ್ದವು. ಎರಡನ್ನೂ ಜೋಡಿಸಿದರೆ ಯಾರು ಏನು ಹುಡುಕಿದರು ಅಂತ ಬಯಲಾಗುತ್ತಿತ್ತು. ಜೋಡಿಸಕೂಡದು ಅಂತ ಮೊದಲ ದಿನವೇ ಡಾಕ್ಟರು, ಆ್ಯಪ್‌ನವರು, ನಾನು ಮೂವರೂ ಮಾತಾಡಿಕೊಂಡೆವು. ಪದಗಳ ಎಣಿಕೆಯನ್ನು ಆರೋಗ್ಯದ ಕೆಲಸಕ್ಕೆ ಬಳಸುತ್ತಿದ್ದೇವೆ, ಬೇಡ ಅನ್ನುವವರು ಇಲ್ಲಿ ಒತ್ತಿ ಅಂತ ಆ್ಯಪ್‌ನ ಮೊದಲ ಪುಟದಲ್ಲೇ ಹಾಕಿಸಿದೆ. ಒಂದು ಹೋಬಳಿಯಲ್ಲಿ ಒಬ್ಬಿಬ್ಬರೇ ಹುಡುಕಿದ ಪದ ನನ್ನ ಕೈಗೆ ಬರುವ ಮೊದಲೇ ಅಳಿಸಿಹೋಗುವಂತೆ ಮಾಡಿಸಿದೆ.

ನಂತರ ನಿಜವಾದ ಕೆಲಸ. ಲಾಕ್‌ಡೌನಿನಲ್ಲಿ ಎಲ್ಲರೂ ಎಲ್ಲವನ್ನೂ ಜಾಸ್ತಿ ಹುಡುಕುತ್ತಾರೆ, ಮಾಡಲು ಬೇರೆ ಕೆಲಸ ಎಲ್ಲಿದೆ? ಬರೀ ಎಣಿಸಿದರೆ ಎಲ್ಲ ಗೆರೆಯೂ ಮೇಲೇ ಹೋಗುತ್ತದೆ. ಅದಕ್ಕೆ ಆ ದಿನದ ಒಟ್ಟು ಹುಡುಕಾಟದಲ್ಲಿ ಈ ಪದದ ಪಾಲೆಷ್ಟು ಅಂತ ತೆಗೆದೆ. ಒಂದು ಹೋಬಳಿಯನ್ನು ಇನ್ನೊಂದರ ಜೊತೆ ಹೋಲಿಸದೆ, ಅದರ ಹಿಂದಿನ ದಿನಗಳ ಜೊತೆಗೇ ಹೋಲಿಸಿದೆ. ದಿನದಿನದ ಏರಿಳಿತ ಕಣ್ಣು ಕಟ್ಟದಂತೆ ವಾರದ ಸರಾಸರಿ ಹಿಡಿದೆ.

ಪದಗಳ ಪಟ್ಟಿಯೇ ಮೊದಲು ಕೈಕೊಟ್ಟಿತು. ಡಾಕ್ಟರು ಇಂಗ್ಲಿಷ್ ಪುಸ್ತಕ ನೋಡಿ ಖಿನ್ನತೆ, ಆತಂಕ, ಉದ್ವೇಗ ಅಂತೆಲ್ಲ ಬರೆದುಕೊಟ್ಟಿದ್ದರು. ಮೂರು ತಾಲ್ಲೂಕಿನಲ್ಲಿ ಒಬ್ಬರೂ ಅವನ್ನು ಹುಡುಕಿರಲಿಲ್ಲ. ಪಟ್ಟಿ ನೋಡಿದರೆ ನಮ್ಮಷ್ಟು ಸುಖದಲ್ಲಿರುವ ಜನ ಭೂಮಿಯ ಮೇಲೇ ಇಲ್ಲ. ನಾನು ಪಟ್ಟಿ ಹರಿದುಹಾಕಿ ಬೇರೆ ಮಾಡಿದೆ. ನಮ್ಮ ಮನೆಗಳಲ್ಲಿ ಎಂತ ಹೇಳುತ್ತಾರೆ? ನಿದ್ದೆ ಹತ್ತುವುದಿಲ್ಲ ಅನ್ನುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ, ಗ್ಯಾಸ್ಟ್ರಿಕ್ ತಲೆಗೆ ಏರಿದೆ ಅನ್ನುತ್ತಾರೆ. ಈ ಪದಗಳನ್ನು ಹಾಕಿದ ಮೇಲೆ ಗೆರೆಗಳಿಗೆ ಜೀವ ಬಂತು.

ಜೀವ ಬಂದ ಗೆರೆಯೇ ನಮ್ಮನ್ನು ಮೊದಲು ಮಂಗ ಮಾಡಿತು. ಶೃಂಗೇರಿ ತಾಲ್ಲೂಕಿನ ಕಿಗ್ಗದ ಕಡೆಯಿಂದ “ವಿಷ” ಅನ್ನುವ ಪದ ಒಂದೇ ಸಮನೆ ಏರತೊಡಗಿತು. ನಮ್ಮ ಪಟ್ಟಿಯಲ್ಲಿ ಅದಕ್ಕೆ ಜೀವಕ್ಕೆ ಅಪಾಯ ಅನ್ನುವ ಕೆಂಪು ಗುರುತು. ಡಾಕ್ಟರು ಊಟ ಬಿಟ್ಟು ಗಾಡಿ ಹತ್ತಿದರು, ಜೊತೆಗೆ ನಾನೂ ಹೋದೆ. ಕಿಗ್ಗದ ಹತ್ತಿರದ ಸಿರಿಮನೆ ಮುಟ್ಟಿ ಸುತ್ತಲಿನ ಊರುಗಳ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿದರೆ ಎಲ್ಲರೂ ಕ್ಷೇಮ. ಹಿಂದಿನ ದಿನಗಳಲ್ಲಿ ಗುಡುಗು ಮಳೆಯಾಗಿ ಅಣಬೆ ಎದ್ದಿತ್ತು. ಪೇಟೆಯಿಂದ ತರಕಾರಿ ಬರುವುದು ನಿಂತಿದ್ದರಿಂದ, ಎಂದೂ ಅಣಬೆ ಕಿತ್ತು ಗೊತ್ತಿಲ್ಲದವರೂ ಬುಟ್ಟಿ ಹಿಡಿದು ಹೊರಟಿದ್ದರು. ಯಾವುದು ತಿನ್ನುವುದು, ಯಾವುದು ವಿಷದ್ದು ಅಂತ ಮೊಬೈಲ್ ಕೇಳುತ್ತಿದ್ದರು, ಪಾಪ. ಒಂದು ಮನೆಯವರು ನಮ್ಮನ್ನೂ ಊಟಕ್ಕೆ ಕೂರಿಸಿ ಅಣಬೆ ಸಾರು ಬಡಿಸಿದರು. ಡಾಕ್ಟರು ಪ್ರತಿ ತುತ್ತಿಗೂ ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಇನ್ನೊಂದು ಸಲ ಶೃಂಗೇರಿ ಕಡೆಯ ಗೆರೆಗಳೆಲ್ಲ ದಿಢೀರನೆ ಕೆಳಗಿಳಿದವು. ಜನ ಸುಧಾರಿಸಿಕೊಂಡರು ಅಂತ ಖುಷಿಯಿಂದ ವರದಿ ಬರೆದೆ. ಮರ ಬಿದ್ದು ಕರೆಂಟ್ ಹೋಗಿ ಟವರ್ ಸತ್ತಿತ್ತು ಅಷ್ಟೇ. ಅಂದಿನಿಂದ ಕರೆಂಟ್ ಇಲ್ಲದ ದಿನಗಳನ್ನು ಲೆಕ್ಕದಿಂದಲೇ ತೆಗೆದೆ. ಹಿರಿಯ ಅಧಿಕಾರಿಯೊಬ್ಬರು, ನಮ್ಮ ಗಾಡಿ ಇದ್ದದ್ದು ಅವರ ಕೈಯಲ್ಲೇ, ಈ ಆಟ ಸಾಕು ಅನ್ನುವ ಧಾಟಿಯಲ್ಲಿ ಮಾತಾಡತೊಡಗಿದರು. ಅವರದ್ದು ತಪ್ಪು ಅನ್ನಲಾರೆ. ಆಕ್ಸಿಜನ್ನಿಗೆ ಗಾಡಿ ಸಾಲದಿರುವಾಗ ನಾವು ಅಣಬೆ ಸಾರು ಉಂಡು ಬಂದಿದ್ದೆವು.

ಅಷ್ಟರಲ್ಲಿ ಎನ್.ಆರ್.ಪುರ ಕಡೆಯಲ್ಲಿ ನಿದ್ದೆಯ ಗೆರೆ ಏರಿತು. ಅದು ಒಂದು ಮಳೆಗೆ ಎದ್ದು ಬಾಡುವ ಏರಿಕೆಯಾಗಿರಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. ಕೋವಿಡ್ ಕೇಸು ಅಲ್ಲಿ ಬೇರೆ ಕಡೆಗಿಂತ ಜಾಸ್ತಿ ಇರಲಿಲ್ಲ, ಸಾವೂ ಜಾಸ್ತಿ ಇರಲಿಲ್ಲ. ಹಾಗಾದರೆ ಅವರಿಗೇಕೆ ನಿದ್ದೆ ಇಲ್ಲ? ನನ್ನ ತಲೆಗೆ ಹೊಳೆಯಲಿಲ್ಲ. ನಿದ್ದೆಯ ಗೆರೆಗಿಂತ ಮೊದಲು ಆ ಹೋಬಳಿಗಳಲ್ಲಿ ಬೇರೆ ಯಾವ ಪದ ಏರಿತ್ತು ಅಂತ ನೋಡೋಣ ಎಂದು, ಪಟ್ಟಿಯ ಆಚೆ ಎಸೆದಿದ್ದ ಪದಗಳನ್ನೆಲ್ಲ ಒಂದೊಂದಾಗಿ ಓಡಿಸಿದೆ.

ಸಿಕ್ಕಿದ್ದು ಹಲ್ಲುನೋವು.

ಹಲ್ಲಿನ ಗೆರೆ ಮೊದಲು ಏರಿತ್ತು, ಸ್ವಲ್ಪ ದಿನ ಬಿಟ್ಟು ಅದರ ಹಿಂದೆ ನಿದ್ದೆಯ ಗೆರೆ ಅದೇ ಓರೆಯಲ್ಲಿ ಏರಿತ್ತು. ಹಲ್ಲು ನೋವಿದ್ದರೆ ನಿದ್ದೆ ಬರುವುದಿಲ್ಲ, ಅದರಲ್ಲೇನು ಅಂದರು ಡಾಕ್ಟರು. ಇರಬಹುದು ಅಂತ ನಾನೂ ಅಂದುಕೊಂಡೆ. ಆದರೂ ಬಿಡಲಿಲ್ಲ, ಅದೇ ದಿನಗಳಲ್ಲಿ ಆಯಾ ಹೋಬಳಿಯವರು ಹಲ್ಲಿನ ಜೊತೆಗೆ ಏನೇನು ಹುಡುಕಿದ್ದಾರೆ ಅಂತ ನೋಡಿದೆ. ಕೊಪ್ಪದವರೂ ಶೃಂಗೇರಿಯವರೂ ಹಲ್ಲುನೋವಿಗೆ ಲವಂಗ, ಉಪ್ಪುನೀರು, ನೋವಿನ ಮಾತ್ರೆ ಹುಡುಕಿದ್ದರು. ಎನ್.ಆರ್.ಪುರದ ಕಡೆಯವರು ಲವಂಗದ ಸುದ್ದಿಗೇ ಹೋಗಿರಲಿಲ್ಲ. ಹಲ್ಲುನೋವು ಶಿವಮೊಗ್ಗ ಬಸ್, ಹಲ್ಲುನೋವಿಗೆ ಪಾಸ್ ಕೊಡ್ತಾರಾ, ಜಿಲ್ಲೆ ಗಡಿ ಯಾವಾಗ ತೆಗೀತಾರೆ, ಇಷ್ಟೇ. ನಿಜವಾಗಿ ಹಲ್ಲು ನೋಯುವವರು ಮೊದಲು ಮದ್ದು ಹುಡುಕುತ್ತಾರೆ. ಇವರಿಗೆ ಮದ್ದು ಬೇಡ, ಶಿವಮೊಗ್ಗ ಬೇಕು.

ಕೂತಲ್ಲೇ ನನಗೆ ನನ್ನ ಸೋದರತ್ತೆ ನೆನಪಾದರು.

ಸೋದರತ್ತೆ ಬಾಳೆಹೊನ್ನೂರಿನ ಹತ್ತಿರದವರು. ತಿಂಗಳಿಗೊಮ್ಮೆ ಹೊಸ ಸೀರೆ ಉಟ್ಟು ಹಲ್ಲಿಗೆ ಅಂತ ಶಿವಮೊಗ್ಗ ಬಸ್ಸು ಹತ್ತುತ್ತಿದ್ದರು. ಎಷ್ಟೋ ವರ್ಷ ಹತ್ತಿದರು. ಅವರ ಬಾಯಲ್ಲಿ ಇದ್ದದ್ದು ಕಟ್ಟಿಸಿದ ಹಲ್ಲಿನ ಸೆಟ್ಟು! ನಾವು ಮಕ್ಕಳಿರಲಿ, ದೊಡ್ಡವರೊಬ್ಬರೂ ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ ಮಾತ್ರೆ ನೋಡಿದಾಗಲೇ ಅವರು ಹೋಗುತ್ತಿದ್ದದ್ದು ಯಾವ ಡಾಕ್ಟರ ಹತ್ತಿರ ಅಂತ ತಿಳಿದದ್ದು. ಒಂದು ಮಳೆಗಾಲ ಕಾಲು ಮುರಿದು ಅವರು ಎರಡು ತಿಂಗಳು ಶಿವಮೊಗ್ಗಕ್ಕೆ ಹೋಗಲಾಗಿರಲಿಲ್ಲ. ಆಗ ಊಟ ಬಿಟ್ಟರು, ಮಾತು ಬಿಟ್ಟರು, ಗೋಡೆಗೆ ಮುಖ ಮಾಡಿ ಕೂತರು. ಕಾಲಿನ ನೋವಿಗೆ ಹಾಗಾಗಿದೆ ಅಂತ ಮನೆಯವರೆಲ್ಲ ಕಾಲಿಗೆ ಎಣ್ಣೆ ತಿಕ್ಕಿದರು.

ನಮ್ಮ ಕಡೆ ತಲೆಗೆ ಮದ್ದು ಮಾಡುವವರ ಹತ್ತಿರ ಸ್ವಂತ ಊರಲ್ಲಿ ಯಾರೂ ಹೋಗುವುದಿಲ್ಲ. ಮಕ್ಕಳ ಮದುವೆ ಆಗಬೇಕಲ್ಲ. ಬಸ್ಸು ಹತ್ತಿ ಗುರುತಿಲ್ಲದ ಊರಿಗೆ, ಎನ್.ಆರ್.ಪುರದವರಾದರೆ ಹತ್ತಿರದ ಶಿವಮೊಗ್ಗಕ್ಕೆ, ಹೋಗುತ್ತಾರೆ, ಹಲ್ಲಿಗೆ ಅನ್ನುತ್ತಾರೆ. ಹಲ್ಲಾದರೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ, ಯಾರಿಗೂ ಅನುಮಾನವಿಲ್ಲ. ಈಗ ಬಸ್ಸು ನಿಂತಿತ್ತು, ಗಡಿ ಮುಚ್ಚಿತ್ತು, ಅವರ ಮಾತ್ರೆ ಮುಗಿದಿತ್ತು. ಸರ್ಕಾರದ ಯಾವ ಪಟ್ಟಿಯಲ್ಲೂ ಅವರಿಲ್ಲ. ನಾವು ಇಷ್ಟು ದಿನ ಯಾರಿಗೆ ಹೊಸದಾಗಿ ಕಾಯಿಲೆ ಬಂತು ಅಂತ ಹುಡುಕುತ್ತಿದ್ದೆವು. ಇವರು ಮಾತ್ರೆಯ ಬಲದಲ್ಲಿ ಚೆನ್ನಾಗಿ ಬದುಕುತ್ತಿದ್ದವರು, ಈಗ ಒಬ್ಬೊಬ್ಬರೇ ಜಾರುತ್ತಿದ್ದರು. ಡಾಕ್ಟರಿಗೆ ಹೇಳಿದೆ. ಅವರು ಇಂಥ ಮಾತ್ರೆ ಒಮ್ಮೆಲೇ ನಿಂತರೆ ಎಷ್ಟು ಕೆಟ್ಟದ್ದು ಅಂತ ವಿವರಿಸಿದರು. ಅವರ ದನಿ ಕೇಳಿಯೇ ತಡಮಾಡುವಂತಿಲ್ಲ ಅಂತ ಗೊತ್ತಾಯಿತು.

ಹಿರಿಯ ಅಧಿಕಾರಿ ಈ ಸಲ ಪೂರ್ತಿ ಕೇಳಿದರು, ನಂಬಿದರು ಕೂಡ. ನಂಬಿದ್ದೇ ತೊಂದರೆಯಾಯಿತು. ಆ್ಯಪ್‌ನವರ ಹತ್ತಿರ ಫೋನ್ ನಂಬರ್ ಇದೆಯಲ್ಲ, ಹಲ್ಲು ಅಂತ ಹುಡುಕಿದವರನ್ನೆಲ್ಲ ತೆಗೆಯಿರಿ, ಸಂಜೆಯೊಳಗೆ ಮನೆಮನೆಗೆ ಆಶಾ ಕಾರ್ಯಕರ್ತೆಯರನ್ನು ಕಳಿಸುತ್ತೇನೆ ಅಂದರು. ಅವರ ಕಾಳಜಿ ಸುಳ್ಳಲ್ಲ. ಆದರೆ ಪಿಂಕ್ ಸೀರೆಯವರು ಅಂಗಳಕ್ಕೆ ಬಂದು, ನಿಮ್ಮ ಮನೆಯಲ್ಲಿ ತಲೆಗೆ ಮಾತ್ರೆ ತಗೊಳ್ಳುವವರು ಯಾರು ಅಂತ ಕೇಳಿದರೆ ಇಡೀ ಕೇರಿ ಬೇಲಿ ಮೇಲೆ ನಿಂತು ನೋಡುತ್ತದೆ. ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದವರು ಹೌದು ಅನ್ನುತ್ತಾರಾ? ಬಾಗಿಲು ಹಾಕಿಕೊಳ್ಳುತ್ತಾರೆ, ಮೊಬೈಲಿನಲ್ಲಿ ಹುಡುಕುವುದನ್ನೂ ಬಿಡುತ್ತಾರೆ.

“ನಂಬರ್ ತೆಗೆಯಲ್ಲ ಸರ್,” ಅಂದೆ. “ಯಾರದೂ ಜೋಡಿಸಲ್ಲ ಅಂತ ಬರೆದು ಹಾಕಿದ್ದೀವಿ. ಬೇಕಾದ್ರೆ ನನ್ನನ್ನ ವಾಪಸ್ ಫೋನ್ ಎತ್ತಕ್ಕೆ ಕೂರಿಸಿ.”

ಆ ಬೆದರಿಕೆ ಕೆಲಸ ಮಾಡಿರಬೇಕು. ಹಾಗಾದರೆ ಏನು ಮಾಡುತ್ತೀರಿ ಅಂತ ಕೇಳಿದರು. ಹೋಗುವಾಗ ಏನೂ ಯೋಚಿಸಿರಲಿಲ್ಲ, ಆದರೆ ಬಾಯಿಗೆ ತಾನಾಗಿ ಬಂತು. ಅವರು ಹಲ್ಲು ಅಂತ ತಾನೇ ಹೇಳುತ್ತಿದ್ದಾರೆ, ಹಲ್ಲಿನ ಗಾಡಿಯನ್ನೇ ಕಳಿಸೋಣ ಅಂದೆ. ಅಧಿಕಾರಿ, ಒಂದು ದಿನ ಗಾಡಿ ಕೊಡುತ್ತೇನೆ, ಜನ ಬರದಿದ್ದರೆ ಮರುದಿನ ನಂಬರ್ ನನ್ನ ಮೇಜಿನ ಮೇಲಿರಬೇಕು ಅಂದರು. ಒಪ್ಪಿಕೊಂಡು ಹೊರಗೆ ಬಂದೆ.

ಎನ್.ಆರ್.ಪುರದಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರು ಕ್ಲಿನಿಕ್ ಮುಚ್ಚಿ ಮನೆಯಲ್ಲಿದ್ದರು. ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ಬಾಯಿ ನೋಡುವುದು, ಮದ್ದು ಬರೆಯುವುದು ಮಾತ್ರ, ಈ ಸೋಂಕಿನಲ್ಲಿ ಕೊರೆಯುವುದು ಕೀಳುವುದು ಇಲ್ಲ ಅಂತ ಕರಾರು ಹಾಕಿ ಒಪ್ಪಿದರು.

“ಇಷ್ಟು ವರ್ಷ ನಮ್ಮ ಹೆಸರಲ್ಲಿ ಸುಳ್ಳು ಹೇಳಿದ್ದಾರಲ್ಲ,” ಎಂದು ನಕ್ಕರು. “ಒಂದಿನ ನಿಜ ಮಾಡಿಬಿಡೋಣ ಬಿಡಿ.”

ಗಾಡಿಗೆ ಹಲ್ಲು ತಪಾಸಣೆ ಅಂತ ದೊಡ್ಡ ಬೋರ್ಡು ಕಟ್ಟಿದೆವು. ಪಕ್ಕದ ಬಾಗಿಲಿನಿಂದ ಹತ್ತಿದರೆ ಡಾಕ್ಟರಮ್ಮ. ಪರದೆಯ ಹಿಂದೆ ನಮ್ಮ ಡಾಕ್ಟರು. ಇಳಿಯುವುದು ಹಿಂದಿನ ಬಾಗಿಲಿನಿಂದ, ಬೇಗ ಇಳಿದರೂ ತಡವಾಗಿ ಇಳಿದರೂ ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗಬಾರದು. ಆ್ಯಪ್‌ನವರು ಒಂದು ಕೆಲಸ ಮಾಡಿದರು. ಹಲ್ಲು, ಪಾಸ್, ನಿದ್ದೆ, ಮಾತ್ರೆ ಅಂತ ಯಾರೇ ಹುಡುಕಿದರೂ ಮೇಲ್ಗಡೆ ನಾಲ್ಕು ಸಾಲು ಕಾಣುವಂತೆ ಮಾಡಿದರು. ಹಲ್ಲಿನ ಗಾಡಿ ಎನ್.ಆರ್.ಪುರ ತಾಲ್ಲೂಕಿನ ಕಡಹಿನಬೈಲಿಗೆ ಬರುತ್ತದೆ. ಬೇರೆ ಊರಿನಲ್ಲಿ ಬರೆಸಿದ ಯಾವುದೇ ಚೀಟಿಯ ಮಾತ್ರೆ, ನಿದ್ದೆಯದೂ ಸೇರಿ, ಅಲ್ಲಿ ಡಾಕ್ಟರು ನೋಡಿ ಕೊಡುತ್ತಾರೆ. ಮಾತ್ರೆಯ ಖಾಲಿ ಶೀಟು ತಂದರೂ ಸಾಕು. ಯಾಕೆ ಅಂತ ಹೊರಗೆ ಯಾರೂ ಕೇಳುವುದಿಲ್ಲ.

ಫಲ ಏನಾಯಿತು ಅಂತ ಈಗಲೇ ಹೇಳಿಬಿಡುತ್ತೇನೆ, ನನಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಆ ಗಾಡಿ ಆಮೇಲೆ ಎನ್.ಆರ್.ಪುರದ ಹೋಬಳಿಗಳನ್ನೆಲ್ಲ ಸುತ್ತಿತು, ಬಾಳೆಹೊನ್ನೂರಿಗೂ ಹೋಯಿತು. ಹಲ್ಲಿನ ಗೆರೆ ಮೊದಲು ಇಳಿಯಿತು, ಅದರ ಹಿಂದೆ ನಿದ್ದೆಯದೂ ಇಳಿಯಿತು. ಕರೆಂಟ್ ಇದೆಯಾ ಅಂತ ನಾನು ಒಮ್ಮೆ ಮೋಸ ಹೋದವಳಾದ್ದರಿಂದ ದಿನಾ ಮೆಸ್ಕಾಂಗೆ ಫೋನ್ ಮಾಡಿ ಕೇಳಿ ಖಾತ್ರಿ ಮಾಡಿಕೊಂಡೆ. ಕರೆಂಟ್ ಇತ್ತು, ಟವರ್ ಇತ್ತು, ಗೆರೆ ನಿಜವಾಗಿ ಇಳಿದಿತ್ತು. ಅಧಿಕಾರಿ ನಂಬರಿನ ಮಾತು ಮತ್ತೆ ಎತ್ತಲಿಲ್ಲ. ನಾನು ಆ ಗ್ರಾಫನ್ನು ಪ್ರಿಂಟ್ ತೆಗೆದು ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ, ಜಂಬ ಅಂದರೂ ಚಿಂತೆಯಿಲ್ಲ.

ಆದರೆ ಕಡಹಿನಬೈಲಿನ ಆ ಮೊದಲ ದಿನ ನನಗೆ ಇದೆಲ್ಲ ಗೊತ್ತಿರಲಿಲ್ಲ. ಫಾರ್ಮಸಿಸ್ಟರು ಲಸಿಕೆ ಡ್ಯೂಟಿಗೆ ಹೋಗಿದ್ದರಿಂದ, ಡಾಕ್ಟರು ಹೇಳಿದಂತೆ ಮಾತ್ರೆ ಎತ್ತಿಕೊಡಲು ಪರದೆಯ ಹಿಂದೆ ಅವರ ಪಕ್ಕದಲ್ಲಿ ನಾನೇ ಕೂತಿದ್ದೆ. ಬೆಳಿಗ್ಗೆಯಿಂದ ಬಂದವರಿಗೆಲ್ಲ ನಿಜವಾದ ಹಲ್ಲುನೋವು. ದವಡೆ ಊದಿದವರು, ಹುಳುಕಾದವರು, ಒಬ್ಬರಂತೂ ಮುರಿದ ಹಲ್ಲನ್ನು ಕಾಗದದಲ್ಲಿ ಕಟ್ಟಿಕೊಂಡೇ ಬಂದಿದ್ದರು. ಡಾಕ್ಟರಮ್ಮ ಬೆವರು ಸುರಿಸಿಕೊಂಡು ಕೆಲಸ ಮಾಡುತ್ತಿದ್ದರು, ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು. ಊಟದ ಹೊತ್ತು ದಾಟಿತು. ನಾಳೆ ನಂಬರ್ ತೆಗೆಯಬೇಕಾಗುತ್ತದೆ ಅಂದುಕೊಂಡೆ.

ಆಮೇಲೆ ಒಬ್ಬ ಹೆಂಗಸು ಬಂದರು. ನನ್ನದೇ ವಯಸ್ಸಿನವರು. ಆಚೆ ಕಡೆ ಡಾಕ್ಟರಮ್ಮ ಬಾಯಿ ತೆಗೆಸಿ ನೋಡಿ, ಹಲ್ಲು ಎಲ್ಲ ಚೆನ್ನಾಗಿದೆ, ಬೇರೆ ಮಾತ್ರೆ ಏನಾದರೂ ಬೇಕಿದ್ದರೆ ಒಳಗೆ ಇದ್ದಾರೆ ಅಂತ ಮೆಲ್ಲಗೆ ಹೇಳಿದ್ದು ನಮಗೆ ಕೇಳಿಸಿತು. ಪರದೆ ಸರಿಯಿತು. ಅವರ ಕಣ್ಣಿನ ಸುತ್ತ ಕಪ್ಪಾಗಿತ್ತು. ಸೆರಗಿನ ಗಂಟಿನಿಂದ ಒಂದು ಚೀಟಿಯನ್ನೂ ಖಾಲಿ ಶೀಟನ್ನೂ ತೆಗೆದು ಡಾಕ್ಟರ ಮುಂದಿಟ್ಟರು.

ಡಾಕ್ಟರು ಚೀಟಿಯಲ್ಲಿದ್ದ ಹೆಸರು ಓದಿ ಆ ಹೆಸರಿನಿಂದಲೇ ಕರೆದು, ಎಷ್ಟು ದಿನವಾಯಿತು ನಿಂತು ಅಂತ ಕೇಳಿದರು. ಆ ಹೆಂಗಸು ತಿರುಗಿಯೂ ನೋಡಲಿಲ್ಲ, ಬೇರೆ ಯಾರನ್ನೋ ಕರೆದಂತೆ ಇದ್ದರು. ನಂತರ ನನ್ನ ಕಡೆ ನೋಡಿ ಗಾಬರಿಯಿಂದ ಕೇಳಿದರು.

“ನನ್ ವಿಷ್ಯ ನಿಮಗೆ ಯಾರು ಹೇಳಿದ್ದು? ಮೊಬೈಲಲ್ಲಿ ನನ್ ಹೆಸರು ಬಂತಾ?”

“ಯಾರೂ ಹೇಳಿಲ್ಲ,” ಅಂದೆ. “ನೀವು ಯಾರು ಅಂತ ನಮಗೆ ಗೊತ್ತಿಲ್ಲ. ತಿಳ್ಕೊಬಹುದಿತ್ತು. ಬೇಡ ಅಂತ ಬಿಟ್ವಿ.”

ನಂಬಲೋ ಬೇಡವೋ ಅನ್ನುವಂತೆ ಅವರು ನನ್ನ ಮುಖವನ್ನೇ ನೋಡಿದರು. ಡಾಕ್ಟರು ತಮ್ಮ ಪಾಡಿಗೆ ತಾವು ಕೇಳಬೇಕಾದ್ದನ್ನೆಲ್ಲ ಕೇಳಿದರು, ನಿದ್ದೆ, ಊಟ, ಎದೆಬಡಿತ. ಉತ್ತರಗಳು ಮೊದಲು ಒಂದೊಂದು ಪದ, ಆಮೇಲೆ ಸಾಲುಸಾಲು. ಮಾತ್ರೆ ಮತ್ತೆ ಹೇಗೆ ಶುರು ಮಾಡಬೇಕು ಅಂತ ತಿಳಿಸಿ, ಹೊಸ ಚೀಟಿ ಬರೆಯಲು ಡಾಕ್ಟರು ಪೆನ್ನು ತೆಗೆದರು. ಈ ಚೀಟಿ ನಿಮ್ಮ ಕೈಯಲ್ಲೇ ಇರುತ್ತದೆ, ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ ಅಂದರು. ಹಳೆಯ ಚೀಟಿ ನೋಡಿ ಅದೇ ಹೆಸರನ್ನು ಬರೆಯಲು ಹೊರಟರು.

ಆಕೆ ಕೈ ಅಡ್ಡ ಹಿಡಿದರು.

“ಅದು ನನ್ ಹೆಸರಲ್ಲ ಡಾಕ್ಟ್ರೇ,” ಅಂದರು. “ಶಿವಮೊಗ್ಗದಲ್ಲಿ ಮೊದಲ್ನೇ ದಿನ ಹೆದ್ರಿ ಸುಳ್ಳು ಹೆಸರು ಬರೆಸಿದ್ದೆ. ಆಮೇಲೆ ಅದೇ ಆಗಿಹೋಯ್ತು.”

ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ತಮ್ಮ ಹೆಸರು ಹೇಳಿದರು. ಹೊರಗೆ ನಿಂತವರಿಗೆ ಕೇಳಿದರೂ ಕೇಳಲಿ ಅನ್ನುವಂತೆ, ಪೂರ್ತಿ ಹೆಸರು, ಊರು, ಮನೆ ಎಲ್ಲ ಹೇಳಿದರು. ಡಾಕ್ಟರು ಒಂದೊಂದಕ್ಷರ ಕೇಳಿಕೊಂಡು ಬರೆದರು. ನಾನು ಮಾತ್ರೆಯ ಪೊಟ್ಟಣ ಅವರ ಕೈಯಲ್ಲಿಟ್ಟೆ.

ಆ ಹೆಸರು ನನಗೆ ಇವತ್ತಿಗೂ ನೆನಪಿದೆ. ಇಲ್ಲಿ ಬರೆಯುವುದಿಲ್ಲ.